ಮಾವ ಇಟ್ಟ ಅಕ್ಕಿಕಾಳು

ಹೋದ ತಿಂಗಳು ಮನೆಯ ಮಿಕ್ಸಿ ಕೆಟ್ಟಿತು. ಹೊಸದನ್ನೇ ತಗೊಳ್ಳೋಣ ಎಂದು ಎಲ್ಲರೂ ಹೇಳಿದರು. ಅವರು ಹೇಳಿದ್ದಕ್ಕೇ ನನಗೆ ಹಟ ಬಂತು. ಚೀಲದಲ್ಲಿ ಅದನ್ನು ಹೊತ್ತುಕೊಂಡು ಉದಯಗಿರಿಯ ರಿಪೇರಿ ಅಂಗಡಿಯೊಂದಕ್ಕೆ ಹೋಗಿ ಕೂತೆ. ಅಂಗಡಿಯಾತ ಬೆಸುಗೆ ಹಾಕುವ ಕಾದ ಕಡ್ಡಿಯನ್ನು ತಂತಿಗೆ ತಾಗಿಸಿದ. ಸುಯ್ಯೆಂದು ಒಂದೆಳೆ ಹೊಗೆ ಎದ್ದು, ರಾಳ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಅಷ್ಟೇ ನೋಡಿ. "ಅಮ್ಮಾ, ಜಾರ್ ತಂದಿದ್ದೀರಾ?" ಎಂದು ಆತ ಕೇಳುತ್ತಲೇ ಇದ್ದನಂತೆ, ನನಗೆ ಕೇಳಿಸಿಯೇ ಇಲ್ಲ. ನಾನಾಗಲೇ ಬಹಳ ಹಿಂದಿನ ಒಂದು ಆಷಾಢಕ್ಕೆ ಹೋಗಿಬಿಟ್ಟಿದ್ದೆ.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಮದುವೆಯಾಗಿ ರಾಜೀವನಗರದ ಮನೆಗೆ ಬಂದು ಅರ್ಧ ವರ್ಷವೂ ತುಂಬಿರಲಿಲ್ಲ. ನಮ್ಮವರಿಗೆ ಆಗ ಉದಯಗಿರಿಯಲ್ಲಿ ರೇಡಿಯೋ, ಟಿವಿ ರಿಪೇರಿ ಮಾಡುವ ಸಣ್ಣ ಅಂಗಡಿ. ಸಂಜೆ ಮನೆಗೆ ಬಂದರೆ ಅಂಗಿಯ ತುಂಬ ಇದೇ ರಾಳದ ವಾಸನೆ. ಹೊಸ ಹೆಂಡತಿಗೆ ಒಂದು ಮೊಳ ಮಲ್ಲಿಗೆಯನ್ನಾದರೂ ತರಬಾರದೇ ಎಂದು ಒಳಗೊಳಗೇ ಮುನಿಸಿಕೊಳ್ಳುತ್ತಿದ್ದೆ. ಆಮೇಲಾಮೇಲೆ ಆ ವಾಸನೆಯೇ ಅಭ್ಯಾಸವಾಯಿತು.

ಮನೆಯಲ್ಲಿ ನಾವು ನಾಲ್ಕೇ ಜನ: ಮಾವ, ಅತ್ತೆ, ಇವರು, ನಾನು. ಮಾವನಿಗೆ ಸಂತೆಪೇಟೆಯಲ್ಲಿ ಬೆಲ್ಲದ ಮಂಡಿ ಇತ್ತು. ಅಲ್ಲಿ ಕೂಗಿ ಕೂಗಿ ಅವರ ದನಿ ಮನೆಯಲ್ಲೂ ಇಳಿಯುತ್ತಿರಲಿಲ್ಲ. ಆದರೆ ಸೊಸೆಯ ಜೊತೆ ನೇರ ಮಾತಿಲ್ಲ, ಆ ಮನೆಯ ರೀತಿಯೇ ಹಾಗೆ. ಮಾವ ಹಾಲ್‌ನಲ್ಲಿದ್ದರೆ ನಾನು ಬಾಗಿಲ ಮರೆಯಲ್ಲಿ. "ಕಾಫಿಗೆ ಬೆಲ್ಲ ಜಾಸ್ತಿ ಆಗೈತೆ ಅಂತ ಹೇಳೇ ಅವಳಿಗೆ" ಎಂದು ಅವರು ಅತ್ತೆಗೆ ಹೇಳುವುದು, ಎರಡು ಮಾರು ದೂರದಲ್ಲಿ ನಿಂತ ನಾನು ಅದನ್ನು ಕೇಳಿಸಿಕೊಳ್ಳುವುದು, ಆಮೇಲೆ ಅತ್ತೆ ಒಳಗೆ ಬಂದು ಅದೇ ಮಾತನ್ನು ನನಗೆ ಇನ್ನೊಂದು ಸಲ ಹೇಳುವುದು. ನಗು ತಡೆದುಕೊಳ್ಳುವುದೇ ಆ ಮನೆಯಲ್ಲಿ ನನ್ನ ದೊಡ್ಡ ಕೆಲಸವಾಗಿತ್ತು.

ಮಾವನ ದಿನ ಶುರುವಾಗುತ್ತಿದ್ದದ್ದು ಲಿಂಗಪೂಜೆಯಿಂದ. ನಮ್ಮಲ್ಲಿ ಗುರುಗಳು ಕೊಟ್ಟ ಲಿಂಗ ಅವರವರ ಉಸಿರಿದ್ದಂತೆ. ಕರಡಿಗೆ ಎಂಬ ಪುಟ್ಟ ಬೆಳ್ಳಿ ಭರಣಿಯಲ್ಲಿಟ್ಟು, ದಾರ ಕಟ್ಟಿ ಕೊರಳಲ್ಲಿ ಹಾಕಿಕೊಳ್ಳುವುದು. ಅದನ್ನು ಬದಲಾಯಿಸುವ ಮಾತಿಲ್ಲ, ಸತ್ತರೂ ಜೊತೆಯಲ್ಲೇ ಮಣ್ಣಿಗೆ ಹೋಗಬೇಕು. ಒಬ್ಬರ ಕರಡಿಗೆಯನ್ನು ಇನ್ನೊಬ್ಬರು ಬಿಚ್ಚಿ ನೋಡುವುದೂ ಇಲ್ಲ, ಕಟ್ಟಿಕೊಂಡ ಹೆಂಡತಿಯಾದರೂ ಸರಿಯೇ. ಮಾವ ಮಿಂದು, ವಿಭೂತಿ ಧರಿಸಿ, ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಕೂತರೆ, ಪೂಜೆ ಮುಗಿಯುವ ತನಕ ಬಾಯಿಗೆ ಒಂದು ತುತ್ತಿಲ್ಲ. ನಮ್ಮವರ ಲಿಂಗ ಮಾತ್ರ ನಮ್ಮ ರೂಮಿನ ಬೀರುವಿನಲ್ಲಿ ನೆಮ್ಮದಿಯಾಗಿ ನಿದ್ದೆ ಮಾಡುತ್ತಿತ್ತು. ಬೆವರಿಗೆ ದಾರ ಕಚ್ಚುತ್ತದೆ ಎಂಬುದು ಅವರ ನೆಪ. ಮಾವ ಬೈದೂ ಬೈದೂ ಸಾಕಾಗಿ ಬಿಟ್ಟುಬಿಟ್ಟಿದ್ದರು.

ಮೊದಲ ಆಷಾಢಕ್ಕೆ ಹೊಸ ಸೊಸೆ ತವರಿಗೆ ಹೋಗಬೇಕಲ್ಲ, ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದು. ನಾನು ಕಡಕೊಳದ ಹತ್ತಿರದ ನಮ್ಮೂರಿನಲ್ಲಿ ಅವ್ವನ ಕೈಯಡುಗೆ ತಿಂದುಕೊಂಡು, ಮಧ್ಯಾಹ್ನ ಕಾಲು ಚಾಚಿ ಮಲಗಿಕೊಂಡು ಹಾಯಾಗಿದ್ದೆ. ಒಂದು ದಿನ ಫ್ಯಾಕ್ಟರಿ ಕೆಲಸಕ್ಕೆ ಹೋಗಿದ್ದ ಅಣ್ಣ ಅರ್ಧ ದಿನಕ್ಕೇ ವಾಪಸ್ಸು ಬಂದ. ಅಲ್ಲಿಗೆ ಫೋನು ಬಂದಿತ್ತಂತೆ. ಮಾವನಿಗೆ ಲಕ್ವ ಹೊಡೆದಿದೆ, ಆಸ್ಪತ್ರೆಯಲ್ಲಿದ್ದಾರೆ. "ಆಷಾಢ ಗೀಷಾಢ ಎಲ್ಲ ಅಂಗಿರ್ಲಿ, ಹುಡುಗೀನ ಕಳ್ಸಿಬುಡಿ, ನನ್ನ ಕೈ ಕಾಲೇ ಆಡ್ತಿಲ್ಲ" ಎಂದು ಅತ್ತೆಯೇ ಹೇಳಿಸಿದ್ದರು. ಶಾಸ್ತ್ರ ಎಂದರೆ ಪ್ರಾಣ ಬಿಡುವ ಅತ್ತೆ ಹಾಗೆ ಹೇಳಿಸಿದ್ದಾರೆಂದರೆ ಪರಿಸ್ಥಿತಿ ಕೆಟ್ಟಿದೆ ಎಂದು ಗೊತ್ತಾಯಿತು. ಜಿಟಿ ಜಿಟಿ ಹನಿಯಲ್ಲಿ ಬಸ್ಸು ಹತ್ತಿದೆ. ಚಾಮುಂಡಿ ಬೆಟ್ಟದ ನೆತ್ತಿ ಮೋಡದೊಳಗೆ ಮುಳುಗಿಹೋಗಿತ್ತು, ಬರಿಯ ತಪ್ಪಲು ಕಾಣುತ್ತಿತ್ತು.

ಮಾವ ಉಳಿದರು. ಆದರೆ ಮನೆಗೆ ಬಂದಾಗ ಬಲಗೈ, ಬಲಗಾಲು ಸ್ವಾಧೀನದಲ್ಲಿರಲಿಲ್ಲ. ಅಷ್ಟೆಲ್ಲ ಕೂಗಾಡುತ್ತಿದ್ದ ಬಾಯಲ್ಲಿ ಒಂದೇ ಒಂದು ಮಾತು ಉಳಿದಿತ್ತು: "ಅಲ್ಲ." ನೀರು ಬೇಕಾ ಎಂದರೆ "ಅಲ್ಲ" ಎನ್ನುವರು, ಕೊಟ್ಟರೆ ಕುಡಿಯುವರು. ಸೆಕೆಯಾ ಎಂದರೂ "ಅಲ್ಲ", ಚಳಿಯಾ ಎಂದರೂ "ಅಲ್ಲ". ತಲೆಯಾಡಿಸುವುದೂ ಹೌದಕ್ಕೊಂದು ಇಲ್ಲಕ್ಕೊಂದು ಎಂದಿರಲಿಲ್ಲ. ಎಡಗೈಗೆ ಪೆನ್ಸಿಲ್ ಕೊಟ್ಟರೆ ಗೀಚಿದ್ದು ಅಕ್ಷರವಾಗಲಿಲ್ಲ. ಮಾತಿನ ಜಾಗಕ್ಕೇ ಪೆಟ್ಟು ಬಿದ್ದಿದೆ, ಒಳಗೆ ಎಷ್ಟು ಅರ್ಥವಾಗುತ್ತದೋ ಈಗ ಹೇಳಲಾಗುವುದಿಲ್ಲ ಎಂದು ಡಾಕ್ಟರು ಕಳಿಸಿದ್ದರು.

ಬಂದ ಮಾರನೆಯ ದಿನವೇ ಆ ಅನಾಹುತ ನಡೆಯಿತು. ಆಸ್ಪತ್ರೆಯಲ್ಲಿ ಮಾವನ ಕೊರಳಿನಿಂದ ಬಿಚ್ಚಿಕೊಟ್ಟಿದ್ದ ಲಿಂಗವನ್ನು ಇವರು ತಂದು ದೇವರ ಮನೆಯಲ್ಲಿಟ್ಟಿದ್ದರು. ಅತ್ತೆ ಮಾವನ ಮೈ ಒರೆಸಿ, ಹಣೆಗೆ ವಿಭೂತಿ ಇಟ್ಟು, ಕರಡಿಗೆಯನ್ನು ಭಕ್ತಿಯಿಂದ ತಂದು ಕೊರಳಿಗೆ ಕಟ್ಟಿದರು. ಮಾವ ಎಡಗೈ ಹೆಬ್ಬೆರಳಲ್ಲಿ ಮುಚ್ಚಳ ಎಬ್ಬಿಸಿ ನೋಡಿದರು. ನೋಡಿದವರೇ "ಅಲ್ಲ! ಅಲ್ಲ!" ಎಂದು ಚೀರಿ, ಮುಚ್ಚಳ ಒತ್ತಿ ಮುಚ್ಚಿ, ದಾರವನ್ನು ಕಿತ್ತು ಎಸೆದುಬಿಟ್ಟರು. ಬೆಳ್ಳಿ ನೆಲಕ್ಕೆ ಬಿದ್ದ ಸದ್ದಿಗೆ ನಾನು ಅಡುಗೆಮನೆಯಿಂದ ಓಡಿ ಬಂದೆ. ಅತ್ತೆ ನೆಲದ ಮೇಲೆ ಕುಸಿದು, ಕರಡಿಗೆಯನ್ನು ಸೆರಗಿನಲ್ಲಿ ಎತ್ತಿ ಕಣ್ಣಿಗೊತ್ತಿಕೊಂಡು ಗೋಳೋ ಎಂದು ಅತ್ತರು.

ಸುದ್ದಿ ತಿಳಿದು, ಮನೆಯ ಶುಭ ಅಶುಭಕ್ಕೆಲ್ಲ ಬರುತ್ತಿದ್ದ ಅಯ್ಯನವರು ಬಂದರು. ಒಳ್ಳೆಯವರೇ ಪಾಪ. "ಬಲವಂತ ಮಾಡ್ಬೇಡಿ ಕಣಮ್ಮ. ತಿಳಿವಳಿಕೆ ಇಲ್ದೋರಿಗೆ ಯಾವ ದೋಷಾನೂ ಇಲ್ಲ. ಲಿಂಗ ದೇವರ ಮನೇಲೇ ಇರ್ಲಿ" ಎಂದು ಸಮಾಧಾನ ಹೇಳಿದರು. ಅವರು ಹೋದ ಮೇಲೆ ಅತ್ತೆ ನನ್ನ ಹತ್ತಿರ ಹೇಳಿದ ಮಾತು ಈಗಲೂ ಕಿವಿಯಲ್ಲಿದೆ: "ಲಿಂಗಾನೇ ಎಸೆದ್ರಲ್ಲ ಗಿರಿಜಾ, ನಮ್ಮೋರು ಹೋಗ್ಬುಟ್ರು. ಇಲ್ಲಿರೋದು ಬರೀ ದೇಹ ಕಣವ್ವ."

ಆ ದೇಹವೂ ನಿಲ್ಲುವಂತೆ ಕಾಣಲಿಲ್ಲ. ಮಾವ ಊಟ ಬಿಟ್ಟರು. ಅನ್ನ ಕಲಸಿ ಬಾಯಿಯ ಹತ್ತಿರ ಹಿಡಿದರೆ ತುಟಿ ಬಿಗಿ. ನೀರು, ಮಾತ್ರೆ ನುಂಗುತ್ತಿದ್ದರು, ಬಲವಂತಕ್ಕೆ ಎರಡು ಚಮಚ ಗಂಜಿ, ಅದೂ ಅರ್ಧ ಕಟಬಾಯಿಂದ ಇಳಿದುಹೋಗುತ್ತಿತ್ತು. ಬೆಲ್ಲದ ಮೂಟೆ ಎತ್ತುತ್ತಿದ್ದ ತೋಳು ಕಣ್ಣೆದುರೇ ಬತ್ತಿತು. ಹೀಗೇ ಆದರೆ ಮತ್ತೆ ಆಸ್ಪತ್ರೆಗೆ ಸೇರಿಸಿ ಮೂಗಿಗೆ ನಳಿಗೆ ಹಾಕಬೇಕಾಗುತ್ತದೆ, ಅದಕ್ಕೂ ಮೈ ತಡೆಯುತ್ತದೋ ಇಲ್ಲವೋ ಎಂದು ಡಾಕ್ಟರು ಹೇಳಿದರು.

ಇದರ ಮೇಲೆ ನನ್ನದೊಂದು ಸಂಕಟ. ಮಾವನ ಮಂಚ ಹಾಲಿನಲ್ಲಿತ್ತು. ಅಲ್ಲಿಂದ ನೇರ ಎದುರಿಗೆ ನಮ್ಮ ರೂಮಿನ ಬಾಗಿಲು. ನಾನು ಆ ಕಡೆ ಸುಳಿದರೆ ಸಾಕು, ಮಾವ ಎಡಗೈ ಎತ್ತಿ ನಮ್ಮ ರೂಮಿನ ಕಡೆ ತೋರಿಸಿ "ಅಲ್ಲ, ಅಲ್ಲ" ಎಂದು ಒದ್ದಾಡುವರು. ನೋಡಲು ಬಂದ ನೆಂಟರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಷಾಢದಲ್ಲಿ ಹೊಸಿಲು ದಾಟಿ ಬಂದವಳನ್ನು ಕಂಡರೆ ಆಗುತ್ತಿಲ್ಲ, ರೂಮಿಗೆ ಹೋಗು ಅಂತಾರೆ ಎಂದು ಒಬ್ಬಾಕೆ ನನಗೆ ಕೇಳುವಂತೆಯೇ ಹೇಳಿದರು. ನಾನೂ ಹಾಗೆಯೇ ತಿಳಿದೆ. ಒರಳಿನ ಮುಂದೆ ಕೂತು, ಈರುಳ್ಳಿಯ ನೆಪದಲ್ಲಿ ಎಷ್ಟು ಅತ್ತಿದ್ದೆನೋ ನನಗೇ ಗೊತ್ತಿಲ್ಲ.

ಅಂಥ ದಿನಗಳಲ್ಲಿ ಆ ಯಂತ್ರ ಮನೆಗೆ ಬಂತು. ಉದಯಗಿರಿಯ ರಹಮತ್ ಸಾಬರು ಗಲ್ಫಿನಿಂದ ಬರುವಾಗ ತಂದಿದ್ದ ಕಂಪ್ಯೂಟರು. ಹಾಗೆಂದರೆ ಈಗಿನದ್ದನ್ನು ನೆನೆಯಬೇಡಿ. ಒಂದು ದಪ್ಪ ಕೀಲಿಮಣೆ, ಅಷ್ಟೇ. ಅದನ್ನು ಮನೆಯ ಟಿವಿಗೆ ಸಿಕ್ಕಿಸಬೇಕು, ಪಕ್ಕದಲ್ಲಿ ಟೇಪ್ ರೆಕಾರ್ಡರ್ ಇಟ್ಟು ಕ್ಯಾಸೆಟ್ ಓಡಿಸಬೇಕು, ಆಗ ಅದಕ್ಕೆ ಬುದ್ಧಿ ಬರುತ್ತಿತ್ತು. ಸ್ವಲ್ಪ ಹೊತ್ತು ಓಡಿದರೆ ಬಿಸಿಯಾಗಿ ನಿಂತುಹೋಗುತ್ತದೆ, ನೋಡಿಕೊಡಿ ಎಂದು ಸಾಬರು ಇವರಿಗೆ ಕೊಟ್ಟಿದ್ದರು. ರಿಪೇರಿ ಆಯಿತೋ ಇಲ್ಲವೋ ತಿಳಿಯಲು ಗಂಟೆಗಟ್ಟಲೆ ಓಡಿಸಬೇಕಿತ್ತು. ಅಪ್ಪನ ಹತ್ತಿರ ಇದ್ದಂತೆಯೂ ಆಯಿತು ಎಂದು ಇವರು ಅದನ್ನು ಮನೆಗೇ ತಂದು ಹಾಲಿನ ಟಿವಿಗೆ ಜೋಡಿಸಿದರು.

ಕ್ಯಾಸೆಟ್ ಓಡಿದಾಗ ಬಂತು ನೋಡಿ ಸದ್ದು, ಕೀಂ ಕರ್‌ರ್ ಎಂದು ಕಿವಿ ಹರಿಯುವಂತೆ. "ಶಿವನೇ, ಯಾರಾದ್ರೂ ನಾಯಿ ಬಾಲ ತುಳಿದ್ರಾ?" ಎಂದು ಅತ್ತೆ ಓಡಿ ಬಂದರು. ಆ ಸಂಕಟದಲ್ಲೂ ನಾನು ನಕ್ಕುಬಿಟ್ಟೆ.

ಕ್ಯಾಸೆಟ್ಟಿನಲ್ಲಿದ್ದದ್ದು ಒಂದು ಆಟ. ಯಂತ್ರ ನಾಲ್ಕು ಬಣ್ಣಗಳನ್ನು ಒಂದು ಸಾಲಿನಲ್ಲಿ ಬಚ್ಚಿಟ್ಟುಕೊಳ್ಳುತ್ತದೆ. ಒಟ್ಟು ಆರು ಬಣ್ಣ, ಒಂದರಿಂದ ಆರರ ತನಕದ ಅಂಕಿ ಒತ್ತಿದರೆ ಒಂದೊಂದು ಬಣ್ಣದ ಚೌಕ ಮೂಡುತ್ತದೆ. ಯಾವ ಬಣ್ಣ, ಯಾವ ಮನೆಯಲ್ಲಿ ಎಂದು ನಾವು ಊಹಿಸಿ ಸಾಲು ಕಟ್ಟಬೇಕು. ಬಣ್ಣವೂ ಸರಿ, ಮನೆಯೂ ಸರಿ ಎಂದಾದರೆ ಒಂದು ಕರಿ ಚುಕ್ಕಿ. ಬಣ್ಣ ಸರಿ, ಆದರೆ ಇಟ್ಟ ಮನೆ ತಪ್ಪು ಎಂದಾದರೆ ಒಂದು ಬಿಳಿ ಚುಕ್ಕಿ. ಎರಡೂ ತಪ್ಪಿದರೆ ಏನೂ ಇಲ್ಲ. ಯಾವ ಚುಕ್ಕಿ ಯಾವ ಬಣ್ಣಕ್ಕೆ ಎಂದು ಮಾತ್ರ ಹೇಳುವುದಿಲ್ಲ. ಹಿಂದಿನ ಸಾಲುಗಳನ್ನೆಲ್ಲ ತಾಳೆ ನೋಡುತ್ತಾ, ಇದಾಗಿದ್ದರೆ ಅದು ಆಗಲಾರದು ಎಂದು ಕಳೆಯುತ್ತಾ ಹೋಗಬೇಕು. ಪಿಯುಸಿಯಲ್ಲಿ ಲೆಕ್ಕವನ್ನು ಇಷ್ಟಪಟ್ಟು ಓದಿದವಳು ನಾನು. ನನಗೆ ಮೈ ಜುಮ್ಮೆಂದಿತು. ಆ ಪ್ಲಾಸ್ಟಿಕ್ ಡಬ್ಬಿಗೆ ಉತ್ತರ ಗೊತ್ತಿದೆ, ಹೇಳುವುದಿಲ್ಲ. ಹಾಗಂತ ಒಂದು ಸಲವೂ ಸುಳ್ಳಾಡುವುದಿಲ್ಲ. ಕೇಳಿದ್ದಕ್ಕೆ ಕೇಳಿದಷ್ಟೇ ಉತ್ತರ. ಅಂಥ ಪ್ರಾಮಾಣಿಕವಾದ ಮೌನವನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ತೊಂದರೆ ಎಂದರೆ ನಮ್ಮದು ಕಪ್ಪು ಬಿಳುಪು ಟಿವಿ. ಆರು ಬಣ್ಣವೂ ಬೂದಿ ಬಣ್ಣವೇ. "ಇದು ಕೆಂಪು ಕಣೇ" ಎಂದು ಇವರು, "ಅಯ್ಯೋ, ಹಸಿರು ಕಣ್ರೀ" ಎಂದು ನಾನು. ಜಗಳವಾಡಿ ಸಾಕಾಗಿ ಅಡುಗೆಮನೆಯಿಂದ ಆರು ಥರದ ಕಾಳು ತಂದೆ: ತೊಗರಿ, ಹೆಸರು, ಉದ್ದು, ಕಡಲೆ, ಅಲಸಂದೆ, ಹುರುಳಿ. ಒಂದು ಅಂಕಿಗೆ ಒಂದು ಕಾಳು. ದೊಡ್ಡ ತಟ್ಟೆಯಲ್ಲಿ, ಟಿವಿಯಲ್ಲಿ ಮೂಡಿದ ಹಾಗೆಯೇ ಸಾಲು ಸಾಲಾಗಿ ಜೋಡಿಸುತ್ತಾ ಹೋಗುವುದು. ಕರಿ ಚುಕ್ಕಿಗೆ ಮೆಣಸುಕಾಳು, ಬಿಳಿ ಚುಕ್ಕಿಗೆ ಅಕ್ಕಿಕಾಳು. ಆಗ ಆಟ ಕೈಗೆ ಸಿಕ್ಕಿತು. ಮೇಲೊಂದು ಕಾರಣವೂ ಇತ್ತು, ಇವರ ಪಕ್ಕ ಹಾಲಿನಲ್ಲಿ ಕೂರಲು ನನಗೆ ಅದೊಂದು ನೆಪ. ಮಾವ ಮಲಗಿದ್ದಾರೆ, ಅವರಿಗೇನು ತಿಳಿಯುತ್ತದೆ ಎಂದು ಮರೆಯ ಹಂಗು ಬಿಟ್ಟು ಮಂಚದ ಪಕ್ಕವೇ ಚಾಪೆ ಹಾಸಿಕೊಂಡೆ.

ಅತ್ತೆಗೆ ಇದು ಸರಿಬರಲಿಲ್ಲ. "ಮನೇಲಿ ಇಂಥಾ ಕಷ್ಟ ಇಟ್ಕೊಂಡು ಕಾಳಲ್ಲಿ ಆಟ ಆಡ್ತಾವೆ ನೋಡು ಇಬ್ರೂ" ಎಂದು ಗೊಣಗುತ್ತಲೇ ಇದ್ದರು.

ಒಂದು ಮಧ್ಯಾಹ್ನ. ಹೊರಗೆ ಆಷಾಢದ ಗಾಳಿ ಬಾಗಿಲು ಕಿಟಕಿಗಳನ್ನೆಲ್ಲ ಬಡಿಯುತ್ತಿತ್ತು. ನಾವು ಎಷ್ಟು ಸಾಲು ಹಾಕಿದರೂ ಗಂಟು ಬಿಚ್ಚಿರಲಿಲ್ಲ. ಟಿವಿಯಲ್ಲಿ ಕೊನೆಯ ಒಂದು ಸಾಲಿಗಷ್ಟೇ ಜಾಗ ಉಳಿದಿತ್ತು. "ನಿನ್ ಕೈಲಾಗಲ್ಲ ಬುಡು" ಎಂದು ಇವರು ನನ್ನನ್ನು ಕೆಣಕಿದರು. "ನಿಮ್ ಕೈಲಾಗಿದ್ದು ಕಾಣ್ತಿದ್ಯಲ್ಲ" ಎಂದೆ. ಅಷ್ಟರಲ್ಲಿ ಮಂಚದ ಮೇಲಿಂದ ಒಂದು ಕೈ ಇಳಿಯಿತು. ಒಣಗಿದ, ನರ ಎದ್ದ ಎಡಗೈ. ನಾನು ಬೆಚ್ಚಿ ಹಿಂದೆ ಸರಿದೆ. ಆ ಕೈ ತಟ್ಟೆಯೊಳಗೆ ಬಂದು, ಕೊನೆಯ ಊಹೆಗೆಂದು ನಾವು ಕಟ್ಟಿದ್ದ ಸಾಲಿನ ಮೂರನೆಯ ಮನೆಯಲ್ಲಿದ್ದ ಹುರುಳಿಯನ್ನು ಮೆಲ್ಲಗೆ ಮೊದಲನೆಯ ಮನೆಗೆ ತಳ್ಳಿತು. ಅಲ್ಲಿದ್ದ ಅಲಸಂದೆಯನ್ನು ಆಚೆಗೆ ಸರಿಸಿತು. ಖಾಲಿಯಾದ ಜಾಗಕ್ಕೆ ಒಂದು ಕಡಲೆ ಆರಿಸಿ ಇಟ್ಟಿತು. ಇಟ್ಟು ಹಿಂದಕ್ಕೆ ಹೋಯಿತು.

ಇವರು ಆ ಸಾಲನ್ನೇ ಒತ್ತಿದರು. ನಾಲ್ಕೂ ಕರಿ ಚುಕ್ಕಿ.

ನಾವಿಬ್ಬರೂ ಮಾವನ ಮುಖ ನೋಡಿದೆವು. ಅವರು ಟಿವಿ ನೋಡುತ್ತಿದ್ದರು. "ಅಮ್ಮಾ, ಬಾಮ್ಮಾ ಇಲ್ಲಿ! ಅಪ್ಪ ಗೆದ್ರು!" ಎಂದು ಇವರು ಕೂಗಿಕೊಂಡರು. ಅತ್ತೆ ಕೈ ಒರೆಸಿಕೊಳ್ಳುತ್ತಾ ಬಂದು, "ಏನೋ ಕೈ ತಾಕಿರ್ತದೆ, ಸುಮ್ನಿರಪ್ಪ, ಆಸೆ ಹುಟ್ಟಿಸ್ಬೇಡ" ಎಂದರು.

ತಾಕಿದ್ದೋ ಯೋಚಿಸಿದ್ದೋ ನೋಡಿಯೇ ಬಿಡೋಣ ಎಂದು ಹೊಸ ಆಟ ಹಾಕಿದೆವು. ಮಾವನ ಬೆನ್ನಿಗೆ ದಿಂಬು ಕೊಟ್ಟು ಕೂರಿಸಿ, ತಟ್ಟೆಯನ್ನು ತೊಡೆಯ ಮೇಲಿಟ್ಟೆ. ಅವರು ಮೊದಲ ಸಾಲು ಕಟ್ಟಿದರು. ಉತ್ತರ ನೋಡಿದರು. ಬಹಳ ಹೊತ್ತು ಕದಲಲಿಲ್ಲ. ನಿದ್ದೆ ಹೋದರೇನೋ ಎಂದುಕೊಂಡೆ. ಆಮೇಲೆ ಎರಡು ಕಾಳು ಉಳಿಸಿಕೊಂಡು, ಎರಡನ್ನು ಬದಲಿಸಿ ಮುಂದಿನ ಸಾಲು. ಕಣ್ಣು ಮಾತ್ರ ಹಳೆಯ ಸಾಲಿನಿಂದ ಹೊಸ ಸಾಲಿಗೆ, ಮೆಣಸಿನಿಂದ ಅಕ್ಕಿಗೆ ಓಡಾಡುತ್ತಿತ್ತು. ಅರ್ಧ ಪರದೆ ತುಂಬುವ ಮೊದಲೇ ಬಚ್ಚಿಟ್ಟದ್ದು ಬಯಲಾಯಿತು. ಇನ್ನೊಂದು ಆಟ, ಅದೂ ಬಯಲು. ನಾವು ಒದ್ದಾಡುತ್ತಿದ್ದ ದಿನಗಳಲ್ಲೆಲ್ಲ ಅವರು ಮಂಚದ ಮೇಲಿಂದ ನೋಡಿ ನೋಡಿ ಆಟವನ್ನು ಕಲಿತುಬಿಟ್ಟಿದ್ದರು. ನಾವು ಇಷ್ಟು ದಿನ ಅವರ ತಲೆಯ ಮೇಲೆಯೇ ನಿಂತು ಏನೆಲ್ಲ ಮಾತಾಡಿದ್ದೆವು! ಬರೀ ದೇಹ ಎಂದಿದ್ದೆವು. ಅವರು ಎಲ್ಲವನ್ನೂ ಕೇಳಿಸಿಕೊಂಡು ಮಲಗಿದ್ದರು. ಅತ್ತೆ ಬಾಗಿಲಿಗೆ ಒರಗಿ, ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದರು.

ಅಷ್ಟರಲ್ಲಿ ಕರೆಂಟು ಹೋಯಿತು. ಟಿವಿ ಕಪ್ಪಾಯಿತು. "ಥತ್, ಇನ್ನು ಮೊದಲಿಂದ ಕ್ಯಾಸೆಟ್ ಹಾಕ್ಬೇಕು" ಎಂದು ಇವರು ಎದ್ದರು. ನಾನು ತಟ್ಟೆ ಎತ್ತಲು ಬಗ್ಗಿದೆ. ಮಾವ ಬಿಡಲಿಲ್ಲ. ತಟ್ಟೆಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡರು. ಅದರಲ್ಲಿದ್ದ ಕಾಳನ್ನೆಲ್ಲ ಗುಡಿಸಿ ಹಾಸಿಗೆಗೆ ಚೆಲ್ಲಿದರು. ಮೆಣಸಿನ ಬಟ್ಟಲನ್ನೂ ಅಕ್ಕಿಯ ಬಟ್ಟಲನ್ನೂ ತಮ್ಮ ಕಡೆಗೆ ಎಳೆದುಕೊಂಡರು. ಆಮೇಲೆ ನನ್ನನ್ನು ನೋಡಿದರು. ಮದುವೆಯಾಗಿ ಬಂದ ಮೇಲೆ ಮಾವ ನನ್ನನ್ನು ನೇರವಾಗಿ ನೋಡಿದ್ದು ಅದೇ ಮೊದಲು.

ನನಗೆ ಒಂದು ಕ್ಷಣ ಏನೂ ಹೊಳೆಯಲಿಲ್ಲ. ಆಮೇಲೆ ಹೊಳೆಯಿತು. ಈಗ ಬಚ್ಚಿಟ್ಟುಕೊಂಡಿರುವವರು ಅವರು. ಊಹಿಸಬೇಕಾದವಳು ನಾನು. "ಅಲ್ಲ" ಎಂಬ ಬಾಯಿಯನ್ನು, ಹೌದು ಇಲ್ಲ ತಿಳಿಯದಂತೆ ಆಡುವ ತಲೆಯನ್ನು ಬದಿಗಿಟ್ಟು, ಕಾಳಿನಲ್ಲಿ ಉತ್ತರ ಹೇಳುತ್ತೇನೆ ಎನ್ನುತ್ತಿದ್ದಾರೆ.

"ಮಾವ," ಎಂದೆ. "ನಮಗೆ ಏನೋ ಹೇಳ್ಬೇಕಾ?"

ಬಾಯಿ "ಅಲ್ಲ" ಎಂದಿತು. ಕೈ ತಟ್ಟೆಗೆ ಒಂದು ಮೆಣಸುಕಾಳು ಹಾಕಿತು.

"ಯಾರನ್ನಾದ್ರೂ ನೋಡ್ಬೇಕಾ?"

ಅಂಗೈಯಿಂದ ತಟ್ಟೆಯನ್ನು ಸವರಿ ಖಾಲಿ ಮಾಡಿದರು. ಏನೂ ಇಲ್ಲ.

"ಏನಾದ್ರೂ ವಸ್ತು ಬೇಕಾ?" ಮೆಣಸು. "ಮನೇಲೇ ಇದ್ಯಾ?" ಮೆಣಸು. ಇವರು ಹಿಂದಿನಿಂದ ಬಂದು ನಿಂತರು. "ದೇವರ ಮನೇದಾ?"

ಮಾವ ಸ್ವಲ್ಪ ತಡೆದರು. ಬೆರಳು ಮೆಣಸಿನ ಬಟ್ಟಲಿನ ಮೇಲೆ ಹೋಗಿ, ವಾಪಸ್ಸು ಬಂದು, ಒಂದು ಅಕ್ಕಿಕಾಳು ಇಟ್ಟಿತು. ಅರ್ಧ ಸರಿ. ದೇವರದ್ದೇ, ಆದರೆ ದೇವರ ಮನೆಯದ್ದಲ್ಲ.

ನನಗೆ ಕೇಳಲು ಹೆದರಿಕೆಯಾಯಿತು. ಎಸೆದವರ ಹತ್ತಿರ ಆ ಹೆಸರನ್ನು ಎತ್ತುವುದು ಹೇಗೆ? ಆದರೂ ಕೇಳಿದೆ. "ಲಿಂಗಾನಾ ಮಾವ?"

ಅವರು ಮೆಣಸಿನ ಬಟ್ಟಲಿಗೆ ಕೈ ಹಾಕಿ, ಸಿಕ್ಕಷ್ಟನ್ನು ಹಿಡಿದು ತಟ್ಟೆಗೆ ಸುರಿದರು. ಕಣ್ಣಿಂದ ದಳದಳ ನೀರು.

ಅತ್ತೆ ಓಡಿದರು. ದೇವರ ಮನೆಯಿಂದ ಕರಡಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ತಂದು, "ಇಲ್ಲೈತೆ ಕಣ್ರೀ, ತಗೊಳ್ಳಿ, ನಿಮ್ದೇ, ತಗೊಳ್ಳಿ" ಎಂದು ಮುಂದೆ ಚಾಚಿದರು. ಮಾವ ಮುಖ ತಿರುಗಿಸಿದರು. ಈ ಸಲ ಎಸೆಯಲಿಲ್ಲ. ಅತ್ತೆಯ ಕೈಯನ್ನು ಮೆಲ್ಲಗೆ ಸರಿಸಿ, ತಟ್ಟೆಯ ನಡುವೆ ಒಂದೇ ಒಂದು ಅಕ್ಕಿಕಾಳನ್ನು ಇಟ್ಟು, ನನ್ನ ಮುಖ ನೋಡಿದರು.

ವಸ್ತು ಸರಿ. ಜಾಗ ತಪ್ಪು.

"ಮಾವನ ಲಿಂಗ ಬೇರೆ ಕಡೆ ಇದೆ," ಎಂದೆ. "ಅತ್ತೆ, ನಿಮ್ಮ ಕೈಯಲ್ಲಿರೋದು ಮಾವಂದಲ್ಲ. ಮಾವ, ಅದು... ನಮ್ಮ ರೂಮಲ್ಲಿದ್ಯಾ?"

ಮೆಣಸು. ಆಮೇಲೆ ಅದೇ ಕೈ ಎದ್ದು, ಇಷ್ಟು ದಿನ ತೋರಿಸುತ್ತಿದ್ದ ಹಾಗೆಯೇ ನಮ್ಮ ರೂಮಿನ ಬಾಗಿಲ ಕಡೆ ತೋರಿಸಿತು. ನನ್ನ ಕಡೆಗಲ್ಲ, ಎಂದೂ ನನ್ನ ಕಡೆಗಲ್ಲ. ಬಾಗಿಲಿನ ಆಚೆ ಕಾಣುತ್ತಿದ್ದ ಬೀರುವಿನ ಕಡೆಗೆ.

ಇವರು ರೂಮಿಗೆ ಹೋಗಿ ಬೀರು ತೆಗೆದ ಸದ್ದು ಕೇಳಿತು. ಹೊರಗೆ ಬಂದಾಗ ಬೀರುವಿನಲ್ಲಿದ್ದ ಕರಡಿಗೆ ಇವರ ಅಂಗೈಯಲ್ಲಿತ್ತು, ಮುಚ್ಚಳ ತೆರೆದಿತ್ತು. ಒಳಗೆ ಒಣಗಿದ ಬಿಲ್ವದ ಎಸಳು, ವಿಭೂತಿಯ ಪುಡಿ, ದಿನದಿನವೂ ನೀರೆರೆದು ಒರೆಸಿ ಒರೆಸಿ ಕನ್ನಡಿಯಾದ ಕರಿಯ ಲಿಂಗ. "ನಂದು ಹಿಂಗೆ ಹೊಳೆಯೋಕೆ ಸಾಧ್ಯಾನೇ ಇಲ್ಲ ಕಣಮ್ಮ" ಎಂದು ಇವರು ಅಲ್ಲೇ ನೆಲಕ್ಕೆ ಕೂತರು.

ಆದದ್ದಿಷ್ಟು. ಅಪ್ಪ ಆಸ್ಪತ್ರೆಯಲ್ಲಿದ್ದಾಗ ಮಗನಿಗೆ ಎಂದೂ ಇಲ್ಲದ ಭಕ್ತಿ ಉಕ್ಕಿ, ಬೀರುವಿನಿಂದ ತನ್ನ ಲಿಂಗ ತೆಗೆದು ದೇವರ ಮನೆಯಲ್ಲಿ ಅಪ್ಪನ ಲಿಂಗದ ಪಕ್ಕ ಇಟ್ಟು ಬೇಡಿಕೊಂಡಿದ್ದಾರೆ. ಅಪ್ಪ ಬದುಕಿದರು ಎಂದು ಗೊತ್ತಾದ ಮೇಲೆ ಭಕ್ತಿ ಇಳಿದು, ತನ್ನದನ್ನು ಎತ್ತಿ ಮತ್ತೆ ಬೀರುವಿಗೆ ಸೇರಿಸಿದ್ದಾರೆ. ಎತ್ತಿದ್ದು ಅಪ್ಪನದ್ದು. ಒಬ್ಬನೇ ಅಕ್ಕಸಾಲಿ ಮಾಡಿದ, ಒಂದೇ ಅಚ್ಚಿನ ಕರಡಿಗೆಗಳು, ಹೊರಗಿನಿಂದ ಯಾರಿಗೆ ತಿಳಿಯಬೇಕು? ಇನ್ನೊಬ್ಬರದ್ದನ್ನು ಬಿಚ್ಚಿ ನೋಡಬಾರದು ಎಂಬ ಭಯಕ್ಕೆ ಅತ್ತೆ ನೋಡಲಿಲ್ಲ, ಅಯ್ಯನವರೂ ನೋಡಲಿಲ್ಲ. ಮಾವನೊಬ್ಬರೇ ನೋಡಿದ್ದರು. ನೋಡಿದ ಕ್ಷಣದಲ್ಲೇ ಇದು ಮಗನದ್ದು, ಹಾಗಾದರೆ ನನ್ನದು ಮಗನ ಬೀರುವಿನಲ್ಲಿ ಎಂದು ಲೆಕ್ಕ ಕಟ್ಟಿ ಮುಗಿಸಿದ್ದರು. ಪೂಜೆಯಿಲ್ಲದೆ ಅನ್ನ ಮುಟ್ಟದ ಮನುಷ್ಯ ತನ್ನ ಪಣ ಮುರಿಯದೆ, ಹೇಳಲು ಮಾತಿಲ್ಲದೆ, ಹುಚ್ಚನೆನಿಸಿಕೊಂಡು ಮಲಗಿದ್ದರು. ಒಂದು ತಲೆಯೊಳಗೆ ಅಷ್ಟು ಬೆಳಕು ಉರಿಯುತ್ತಿರಲು, ನಾವು ಹೊರಗೆ ನಿಂತು ಕತ್ತಲೆ ಎಂದುಕೊಂಡಿದ್ದೆವಲ್ಲ ಎಂದು ನೆನೆದರೆ ಇವತ್ತಿಗೂ ನನ್ನ ಮೈ ನವಿರೇಳುತ್ತದೆ.

ಅತ್ತೆ ಮಾವನ ಕಾಲು ಹಿಡಿದುಕೊಂಡರು. "ನನ್ನ ಕೈಯಾರ ನಾನೇ ಕಟ್ಟಿದ್ನಲ್ಲ, ಏನ್ ಪಾಪ ಮಾಡ್ಬುಟ್ಟೆ" ಎಂದು ಹಣೆ ಹಣೆ ಬಡಿದುಕೊಂಡರು. ಮಾವ ಎಡಗೈಯನ್ನು ಅವರ ತಲೆಯ ಮೇಲಿಟ್ಟರು. "ಅಲ್ಲ" ಎಂದರು. ಆ ಬಾಯಲ್ಲಿ ಅದೊಂದೇ ಮಾತಿತ್ತು ನಿಜ, ಆದರೆ ಆ ಹೊತ್ತಿಗೆ ಅದೇ ಬೇಕಾಗಿತ್ತು.

ನೀರು ಕಾಯಿಸಿ ಇವರೇ ಅಪ್ಪನ ಮೈ ತೊಳೆದರು. ಮಡಿ ಪಂಚೆ ಉಡಿಸಿ ಮಣೆಯ ಮೇಲೆ ಗೋಡೆಗೊರಗಿಸಿ ಕೂರಿಸಿದರು. ಮಾವ ಕರಡಿಗೆಯಿಂದ ಲಿಂಗವನ್ನು ತೆಗೆದು ಎಡ ಅಂಗೈಯಲ್ಲಿಟ್ಟುಕೊಂಡರು. ಲಕ್ವ ಆ ಕೈಯನ್ನು ಮುಟ್ಟದೆ ಬಿಟ್ಟಿತ್ತು. ಆದರೆ ನೀರೆರೆಯುವುದು, ವಿಭೂತಿ ಇಡುವುದು, ಪತ್ರೆ ಏರಿಸುವುದೆಲ್ಲ ಬಲಗೈಯ ಕೆಲಸ. ಆ ಕೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಮಾವ ಒಂದು ಗಳಿಗೆ ಅದನ್ನೇ ನೋಡಿದರು. ಆಮೇಲೆ ಅಂಗೈಯನ್ನು ನನ್ನ ಕಡೆಗೆ ಚಾಚಿದರು.

ನಾನು ಅತ್ತೆಯ ಮುಖ ನೋಡಿದೆ. ಇನ್ನೊಬ್ಬರ ಲಿಂಗಕ್ಕೆ ಕೈ ಸೋಕಬಾರದು ಎಂದು ಚಿಕ್ಕಂದಿನಿಂದ ಕೇಳುತ್ತಾ ಬೆಳೆದವಳು. "ಎರಿಯವ್ವ," ಎಂದರು ಅತ್ತೆ. "ಕೇಳ್ತಾವ್ರಲ್ಲ, ಎರಿ."

ತಂಬಿಗೆಯಿಂದ ನೀರೆರೆದೆ. ಸಣ್ಣ ಧಾರೆ ಲಿಂಗದ ಮೇಲೆ ಬಿದ್ದು, ಮಾವನ ಬೆರಳುಗಳ ಸಂದಿಯಿಂದ ಇಳಿಯಿತು. ವಿಭೂತಿ ಇಟ್ಟೆ, ಬಿಲ್ವದ ಎಸಳು ಏರಿಸಿದೆ. ಆಮೇಲೆ ಅವರು ಅಂಗೈಯನ್ನೇ ನೋಡುತ್ತಾ ಕೂತರು.

ಪೂಜೆ ಮುಗಿದು ಲಿಂಗ ಕೊರಳಿಗೆ ಏರಿದ ಮೇಲೆ ಅತ್ತೆ ಬಿಸಿ ಅನ್ನ, ತಿಳಿಸಾರು ಕಲಸಿಕೊಂಡು ತಂದು ಎಂದಿನಂತೆ ತುತ್ತು ಹಿಡಿದರು. ಮಾವ ಬಾಯಿ ತೆರೆಯಲಿಲ್ಲ. ಅತ್ತೆಯ ಕೈ ಅಲ್ಲೇ ನಿಂತಿತು. ಮಾವ ತಟ್ಟೆಯನ್ನು ತಮ್ಮ ಮುಂದಕ್ಕೆ ಎಳೆದುಕೊಂಡರು. ತಾವೇ ಉಣ್ಣಬೇಕೆಂದು ಎಡಗೈ ಮುಂದೆ ಮಾಡಿದವರು, ಅನ್ನಕ್ಕೆ ಆ ಕೈಯೇ ಎಂದು ನಾಚಿ, ಹಿಂದಕ್ಕೆ ತೆಗೆದುಕೊಂಡು ತಲೆ ತಗ್ಗಿಸಿದರು.

ಅತ್ತೆ ಆ ಕೈಯನ್ನು ಹಿಡಿದು ತಟ್ಟೆಯೊಳಕ್ಕೆ ಇಟ್ಟರು.

"ಲಿಂಗ ಹಿಡಿಯೋ ಕೈ ಕಣ್ರೀ ಅದು," ಎಂದರು. "ಅದಕ್ಕೇನ್ರೀ ಎಡ ಬಲ? ಉಣ್ಣಿ."

ಮಾವ ಉಂಡರು.